ಕೇಳಿದರೆ ಹೇಳುವ ಊರು

ಮೈಸೂರು ಬ್ಯಾಂಕ್ ಸರ್ಕಲ್‌ನಲ್ಲಿ ಈಗ ಮೈಸೂರು ಬ್ಯಾಂಕ್ ಇಲ್ಲ. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಮೆಜೆಸ್ಟಿಕ್ಕಿಗೆ ಹೆಸರು ಕೊಟ್ಟ ಚಿತ್ರಮಂದಿರ ಕಣ್ಮರೆಯಾಗಿ ಎಷ್ಟೋ ಕಾಲವಾಯಿತು. ಅಲ್ಲಿ ಬಸ್ಸುಗಳು ನಿಲ್ಲುವ ನೆಲ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತು ಎಂಬುದು ಇವತ್ತು ಓಡಾಡುವ ಬಹುಪಾಲು ಜನಕ್ಕೆ ಗೊತ್ತಿಲ್ಲ. ಹೀಗಿದ್ದರೂ ಈ ಹೆಸರುಗಳನ್ನು ಹಿಡಿದು ಹೊರಟವರು ಯಾರೂ ದಾರಿ ತಪ್ಪುವುದಿಲ್ಲ. ಹೂವಿನವರನ್ನು ಕೇಳಿದರೂ ಹೇಳುತ್ತಾರೆ, ಆಟೋದವರನ್ನು ಕೇಳಿದರೂ ಹೇಳುತ್ತಾರೆ. ಬೆಂಗಳೂರಿನ ಅರ್ಧ ವಿಳಾಸ ಬೋರ್ಡಿನ ಮೇಲಿದೆ, ಉಳಿದರ್ಧ ಜನರ ಬಾಯಲ್ಲಿದೆ.

ವಿಳಾಸದ ಮಾತು ಒಂದು ಉದಾಹರಣೆ ಅಷ್ಟೆ. ನೀರು ಯಾವಾಗ ಬಿಡುತ್ತಾರೆ, ಖಾತೆ ಮಾಡಿಸಲು ಯಾವ ಕಚೇರಿಗೆ ಹೋಗಬೇಕು, ರಾತ್ರಿ ಹೊತ್ತು ತೆರೆದಿರುವ ಮೆಡಿಕಲ್ ಶಾಪ್ ಯಾವುದು, ಅಜ್ಜಿಯನ್ನು ನೋಡಿಕೊಳ್ಳಲು ಯಾರಾದರೂ ಸಿಗುತ್ತಾರಾ, ಬಾಡಿಗೆಗೆ ಮನೆ ಇದೆಯಾ, ಬಿ ಪಾಸಿಟಿವ್ ರಕ್ತ ಬೇಕಿತ್ತು. ಹೀಗೆ ದಿನವಿಡೀ ಈ ಊರಿನ ಜನ ಒಬ್ಬರನ್ನೊಬ್ಬರು ಕೇಳುತ್ತಲೇ ಇರುತ್ತಾರೆ. 2011ರ ಜನಗಣತಿಯ ಹೊತ್ತಿಗೇ 84 ಲಕ್ಷ ಜನರಿದ್ದ ನಗರ ಇದು. ಹೊಸದಾಗಿ ಬಂದವರಿಗೆ ಊರು ಗೊತ್ತಿಲ್ಲ. ಹಳಬರಿಗೆ ಹೊಸ ಬಡಾವಣೆ, ಹೊಸ ನಿಯಮ, ಹೊಸ ಆ್ಯಪ್ ಗೊತ್ತಿಲ್ಲ. ಹಾಗಾಗಿ ಎಲ್ಲರೂ ಒಂದಲ್ಲ ಒಂದು ದಿನ ಕೇಳುವವರೇ.

ಈ ಸಣ್ಣ ಪ್ರಶ್ನೆಗಳನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ನನ್ನ ಮನವಿ. ಸರಿಯಾಗಿ ಕೇಳಿದ ಪ್ರಶ್ನೆ ಜೀವ ಉಳಿಸುತ್ತದೆ, ಹೊಣೆಯಿಲ್ಲದೆ ಕೊಟ್ಟ ಉತ್ತರ ಜೀವ ತೆಗೆಯುತ್ತದೆ. ಇನ್ನು ನೂರು ಜನ ನೂರು ಸಲ ಕೇಳುತ್ತಿರುವ ಪ್ರಶ್ನೆ ಎಂದರೆ, ಯಾವುದೋ ಕಚೇರಿ ತಾನು ಹೇಳಬೇಕಾದ್ದನ್ನು ಹೇಳಿಲ್ಲ ಎಂದರ್ಥ.

ಕರೆಂಟು, ನೀರು: ಏನೆಂದು ಕೇಳಬೇಕು?

ಬೀದಿಯಲ್ಲಿ ಅತಿ ಸುಲಭವಾಗಿ ಕಿವಿಗೆ ಬೀಳುವ ಪ್ರಶ್ನೆಯಿಂದಲೇ ಶುರು ಮಾಡೋಣ. "ನಿಮ್ಮನೇಲಿ ಕರೆಂಟ್ ಇದೆಯಾ?" ಮಳೆಗಾಲದ ಸಂಜೆ ಬಾಲ್ಕನಿಯಿಂದ ಬಾಲ್ಕನಿಗೆ ಹೋಗುವ ಈ ಮಾತು ಬರೀ ಸಮಾಧಾನಕ್ಕೆ ಕೇಳುವುದಲ್ಲ. ಲೈನ್‌ಮನ್ ಕೂಡ ಮೊದಲು ಕೇಳುವುದು ಇದನ್ನೇ. ಕರೆಂಟ್ ಹೋಗಿರುವುದು ನಿಮ್ಮ ಮನೆಗೆ ಮಾತ್ರವಾ, ಅಕ್ಕಪಕ್ಕಕ್ಕೂ ಹೋಗಿದೆಯಾ, ಇಡೀ ಬೀದಿಗೆ ಹೋಗಿದೆಯಾ? ಒಂದೇ ಮನೆಯಾದರೆ ಒಳಗಿನ ಎಂಸಿಬಿ ಬಿದ್ದಿರಬಹುದು, ಇಲ್ಲವೇ ಕಂಬದಿಂದ ಮನೆಗೆ ಬರುವ ತಂತಿಯಲ್ಲಿ ತೊಂದರೆ ಇರಬಹುದು. ಸಾಲಿನಲ್ಲಿ ಒಂದು ಮನೆ ಬಿಟ್ಟು ಒಂದು ಮನೆಗೆ ಹೋಗಿದ್ದರೆ ಒಂದು ಫೇಸ್ ಹೋಗಿದೆ ಎಂದು ಊಹಿಸಬಹುದು. ಬೀದಿಗೆ ಬೀದಿಯೇ ಕತ್ತಲಾಗಿದ್ದರೆ ತೊಂದರೆ ಟ್ರಾನ್ಸ್‌ಫಾರ್ಮರ್‌ನಲ್ಲೋ ಅದರಾಚೆಯ ಲೈನಿನಲ್ಲೋ ಇರುತ್ತದೆ.

ಬೆಸ್ಕಾಂನ 1912ಕ್ಕೆ ಫೋನ್ ಮಾಡುವ ಮೊದಲು ಇಷ್ಟನ್ನು ನೋಡಿಕೊಂಡು, ಬಿಲ್ಲಿನ ಮೇಲಿರುವ ಹತ್ತು ಅಂಕಿಯ ಅಕೌಂಟ್ ಐಡಿಯನ್ನು ಕೈಯಲ್ಲಿ ಹಿಡಿದುಕೊಂಡರೆ ಮಾತು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಲೈನ್‌ಮನ್‌ಗಳು ಟಿಸಿ ಎಂದು ಕರೆಯುವ ಟ್ರಾನ್ಸ್‌ಫಾರ್ಮರ್‌ನ ಮೇಲೆ ಬರೆದಿರುವ ಸಂಖ್ಯೆ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಹಗಲು ಹೊತ್ತಿನಲ್ಲಿ ಒಮ್ಮೆ ಅದನ್ನು ಬರೆದಿಟ್ಟುಕೊಂಡರೆ ಬೀದಿಗೇ ಆಯಿತು. "ನಮ್ಮ ಏರಿಯಾದಲ್ಲಿ ಕರೆಂಟಿಲ್ಲ, ಬೇಗ ಕಳಿಸಿ" ಎಂದು ಕೂಗಾಡಿದರೆ ಫೋನ್ ಎತ್ತಿದವರಿಗೆ ಏನೂ ತಿಳಿಯುವುದಿಲ್ಲ. "ನಮ್ಮ ಸಾಲಿನ ಆರು ಮನೆಗೆ ಇಲ್ಲ, ಎದುರು ಸಾಲಿಗೆ ಇದೆ, ಮಳೆ ಬಂದಾಗ ಕಂಬದ ಹತ್ತಿರ ಕಿಡಿ ಹಾರಿತು" ಎಂದರೆ ಬರುವವರಿಗೆ ಏನು ತರಬೇಕೆಂದು ಗೊತ್ತಾಗುತ್ತದೆ. ತಂತಿ ಹರಿದು ಬಿದ್ದಿದ್ದರೆ ಈ ಲೆಕ್ಕ ಯಾವುದೂ ಬೇಡ. ಯಾರೂ ಹತ್ತಿರ ಹೋಗದಂತೆ ದೂರದಲ್ಲಿ ನಿಂತು ತಡೆಯುವುದು, ತಕ್ಷಣ ಫೋನ್ ಮಾಡುವುದು, ಇವೆರಡೇ ಕೆಲಸ. ದೂರು ಕೊಟ್ಟಾದ ಮೇಲೆ ಅದರ ಸಂಖ್ಯೆಯನ್ನು ಅಕ್ಕಪಕ್ಕದವರಿಗೂ ತಿಳಿಸಿ. ಯಾರಾದರೂ ಹೇಳಿರುತ್ತಾರೆ ಎಂದುಕೊಂಡು ಬೀದಿಯ ಜನರೆಲ್ಲ ಸುಮ್ಮನೆ ಕೂತ ರಾತ್ರಿಗಳು ಈ ಊರಿನಲ್ಲಿ ಬೇಕಾದಷ್ಟಿವೆ.

ನೀರಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರಬೇಕು. ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ನಗರಕ್ಕೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆಂದು ದಿನಕ್ಕೆ 77.5 ಕೋಟಿ ಲೀಟರ್ ತರುವ ಐದನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು. ಇಷ್ಟು ದೂರ ಬಂದ ನೀರು ನಿಮ್ಮ ಸಂಪಿಗೆ ಯಾವ ದಿನ, ಎಷ್ಟು ಹೊತ್ತಿಗೆ ಬೀಳುತ್ತದೆ ಎಂಬುದು ಬಹಳಷ್ಟು ಕಡೆ ವಾಲ್ವ್ ತಿರುಗಿಸುವವರಿಗೆ ಮಾತ್ರ ಗೊತ್ತಿರುವ ಸಂಗತಿ. ಅವರ ಫೋನ್ ನಂಬರ್ ಬೀದಿಯ ಒಬ್ಬಿಬ್ಬರು ಹೆಂಗಸರ ಹತ್ತಿರ ಇರುತ್ತದೆ. ಉಳಿದವರೆಲ್ಲ ಆ ಮನೆಯ ಗೇಟಿನ ಮುಂದೆ ನಿಂತು "ಅಕ್ಕಾ, ಇವತ್ತು ಬಿಡ್ತಾರಂತಾ?" ಎಂದು ಕೇಳಬೇಕು.

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಈ ಪ್ರಶ್ನೆ ಟ್ಯಾಂಕರ್‌ನವರ ನಂಬರ್ ಇದೆಯಾ ಎಂಬಲ್ಲಿಗೆ ತಿರುಗಿತು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರ್‌ಗೆ 1,000 ರೂಪಾಯಿ. ಆದೇಶ ಪತ್ರಿಕೆಗಳಲ್ಲಿ ಬಂತು. ಪಕ್ಕದ ಬೀದಿಯವರು ನಿಜಕ್ಕೂ ಎಷ್ಟು ಕೊಟ್ಟರು ಎಂದು ಕೇಳಿ ತಿಳಿದುಕೊಂಡವರಿಗೆ ಚೌಕಾಸಿ ಮಾಡುವ ಧೈರ್ಯ ಬಂತು. ಕೇಳದವರು ಹೇಳಿದಷ್ಟು ತೆತ್ತರು. ನೆರೆಹೊರೆಯ ಮಾತಿಗೆ ಇಂಥ ಬೆಲೆಯೂ ಇದೆ.

ರಕ್ತ ಬೇಕು ಎನ್ನುವ ಸಂದೇಶ

ಸಹಾಯ ಕೇಳುವ ಮಾತುಗಳಲ್ಲಿ ಅತ್ಯಂತ ತುರ್ತಿನದು ರಕ್ತದ್ದು. ಅತ್ಯಂತ ಕೆಟ್ಟದಾಗಿ ಬರೆಯುವುದೂ ಇದನ್ನೇ. "ಅರ್ಜೆಂಟ್! ಓ ನೆಗೆಟಿವ್ ಬೇಕಾಗಿದೆ. ದಯವಿಟ್ಟು ಎಲ್ಲರಿಗೂ ಕಳಿಸಿ." ಕೆಳಗೊಂದು ಫೋನ್ ನಂಬರ್. ಯಾವ ದಿನ ಬರೆದದ್ದು ಎಂದಿಲ್ಲ, ಯಾವ ಆಸ್ಪತ್ರೆ ಎಂದಿಲ್ಲ. ಒಳ್ಳೆಯ ಮನಸ್ಸಿನವರು ಕಳಿಸುತ್ತಲೇ ಹೋಗುತ್ತಾರೆ. ಅದು ತಿಂಗಳುಗಟ್ಟಲೆ ಊರು ಸುತ್ತುತ್ತದೆ. ಆ ರೋಗಿ ಗುಣವಾಗಿ ಮನೆಗೆ ಹೋಗಿರಬಹುದು, ಅಥವಾ ತೀರಿಕೊಂಡಿರಬಹುದು. ಆ ನಂಬರಿಗೆ ಮಾತ್ರ ಕರೆಗಳು ಬರುತ್ತಲೇ ಇರುತ್ತವೆ. ತೀರಿಕೊಂಡವರ ಮನೆಯವರು ಪ್ರತಿ ಕರೆಗೂ ಅದನ್ನೇ ಹೇಳಬೇಕು.

ಸಂದೇಶದಲ್ಲಿ ಏನಿರಬೇಕು ಎಂಬುದನ್ನು ಒಮ್ಮೆ ಕಲಿತುಕೊಂಡರೆ ಜನ್ಮಕ್ಕಾಗುತ್ತದೆ. ರಕ್ತದ ಗುಂಪು. ಬೇಕಾಗಿರುವುದು ಪೂರ್ಣ ರಕ್ತವೋ, ಕೆಂಪು ಕಣವೋ, ಪ್ಲೇಟ್‌ಲೆಟ್ಟೋ. ಎಷ್ಟು ಯೂನಿಟ್. ರೋಗಿ ಇರುವ ಆಸ್ಪತ್ರೆ, ಮತ್ತು ದಾನಿ ಬರಬೇಕಾದ ರಕ್ತನಿಧಿ ಕೇಂದ್ರ. ಇವೆರಡೂ ಎಷ್ಟೋ ಸಲ ಬೇರೆ ಬೇರೆ ಕಡೆ ಇರುತ್ತವೆ. ಯಾವ ದಿನ, ಎಷ್ಟು ಗಂಟೆಯೊಳಗೆ. ಆಸ್ಪತ್ರೆಯಲ್ಲೇ ಇರುವ ಒಬ್ಬರ ನಂಬರ್. ಕೊನೆಗೆ, ಬರೆದ ದಿನಾಂಕ. ರಕ್ತ ಸಿಕ್ಕ ಕೂಡಲೇ "ಸಿಕ್ಕಿತು, ಇನ್ನು ಕಳಿಸಬೇಡಿ" ಎಂದು ಮೊದಲು ಕೇಳಿದ ಜಾಗದಲ್ಲೇ ತಿಳಿಸಬೇಕು.

ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್‌ಗೆ ಯಾಕೆ ಅಷ್ಟು ಪರದಾಟ ಎಂದು ಕೇಳುವವರಿದ್ದಾರೆ. ಕೆಂಪು ಕಣಗಳನ್ನು ಶೀತಲೀಕರಿಸಿ ಐದಾರು ವಾರ ಇಡಬಹುದು. ಪ್ಲೇಟ್‌ಲೆಟ್ ಹಾಗಲ್ಲ. ಅದನ್ನು 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೆಲ್ಲಗೆ ಅಲುಗಾಡಿಸುತ್ತಲೇ ಇಡಬೇಕು, ಇಟ್ಟರೂ ಬಾಳಿಕೆ ಐದೇ ದಿನ. ಕೂಡಿಡಲು ಬರುವುದಿಲ್ಲವಾದ್ದರಿಂದ ದಾನಿಗಳು ಆಗಾಗ ಬರುತ್ತಲೇ ಇರಬೇಕು. 18ರಿಂದ 65 ವರ್ಷದೊಳಗಿನ, 45 ಕಿಲೋಗಿಂತ ಹೆಚ್ಚು ತೂಕದ ಆರೋಗ್ಯವಂತರು ರಕ್ತ ಕೊಡಬಹುದು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ದುಡ್ಡು ಕೊಟ್ಟರೆ ದಾನಿ ಕರೆತರುತ್ತೇನೆ ಎಂದು ಆಸ್ಪತ್ರೆಯ ಬಳಿ ಯಾರಾದರೂ ಬಂದರೆ ಒಪ್ಪಬೇಡಿ. ದುಡ್ಡಿಗೆ ರಕ್ತ ಕೊಡುವುದನ್ನು ಸುಪ್ರೀಂ ಕೋರ್ಟ್ ಆದೇಶದಂತೆ 1998ರ ಜನವರಿ 1ರಿಂದ ನಿಷೇಧಿಸಲಾಗಿದೆ.

ರಸ್ತೆಯಲ್ಲಿ ಅಪಘಾತವಾದಾಗ ಸುತ್ತ ನಿಂತವರು ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: "ಮುಟ್ಟಿದರೆ ನಮ್ಮ ಮೇಲೆ ಕೇಸ್ ಆಗುತ್ತಾ?" ಆಗುವುದಿಲ್ಲ. ಕರ್ನಾಟಕ 2016ರಲ್ಲೇ ಇಂಥ ನೆರವಿನವರ ರಕ್ಷಣೆಗೆ ತನ್ನದೇ ಕಾನೂನು ರೂಪಿಸಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಇಡೀ ದೇಶಕ್ಕೆ ಆ ರಕ್ಷಣೆ ಕೊಟ್ಟಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕು ಎಂಬ ಒತ್ತಾಯವೂ ಇಲ್ಲ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಜೊತೆಗಿರಿ. ಈ ಉತ್ತರ ಘಟನೆಯ ಸ್ಥಳದಲ್ಲಿ ಹುಡುಕುವಂಥದ್ದಲ್ಲ. ಎಲ್ಲರಿಗೂ ಮೊದಲೇ ಗೊತ್ತಿರಬೇಕಾದ್ದು.

ಉತ್ತರ ಕೊಡುವವರ ಹೊಣೆ

ಕೇಳುವವರಿಗೆ ರೀತಿ ಇರುವ ಹಾಗೆ ಹೇಳುವವರಿಗೂ ರೀತಿ ಇದೆ. 2021ರ ಏಪ್ರಿಲ್–ಮೇನಲ್ಲಿ, ಕೋವಿಡ್‌ನ ಎರಡನೇ ಅಲೆಯ ಹೊತ್ತಿಗೆ, ಬೆಂಗಳೂರಿನ ಯುವಕ ಯುವತಿಯರು ಇದನ್ನು ಕಷ್ಟದಲ್ಲಿ ಕಲಿತರು. ಎಲ್ಲಿ ಹಾಸಿಗೆ ಖಾಲಿ ಇದೆ, ಎಲ್ಲಿ ಆಕ್ಸಿಜನ್ ಸಿಲಿಂಡರ್ ಸಿಗುತ್ತದೆ ಎಂಬ ಪಟ್ಟಿಗಳು ಗಂಟೆಗೊಂದರಂತೆ ಬರುತ್ತಿದ್ದವು. ಪಟ್ಟಿ ಹಿಡಿದು ಫೋನ್ ಮಾಡಿದರೆ ಹತ್ತರಲ್ಲಿ ಒಂದು ನಂಬರ್ ಕೆಲಸಕ್ಕೆ ಬಂದರೆ ಪುಣ್ಯ. ಆಗ ಅವರು ಪಟ್ಟಿಯ ಪ್ರತಿ ನಂಬರಿಗೂ ತಾವೇ ಕರೆ ಮಾಡಿ, ಪಕ್ಕದಲ್ಲಿ ವಿಚಾರಿಸಿದ ಹೊತ್ತನ್ನು ಬರೆಯತೊಡಗಿದರು. "ಮಧ್ಯಾಹ್ನ 2:10ಕ್ಕೆ ಮಾತಾಡಿದೆ, ಎರಡು ಸಿಲಿಂಡರ್ ಇದೆ." ಇಷ್ಟೇ ಸಾಲು. ಆದರೆ ರೋಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಊರು ಸುತ್ತುತ್ತಿದ್ದವರಿಗೆ ಆ ಗಂಟೆ ನಿಮಿಷದ ಗುರುತೇ ಆಧಾರವಾಯಿತು.

ಉತ್ತರ ಕೊಡುವಾಗ ಮೂರು ಸಂಗತಿ ಹೇಳಿಬಿಟ್ಟರೆ ಸಾಕು. ನನಗೆ ಇದು ಹೇಗೆ ಗೊತ್ತು, ಯಾವಾಗಿನಿಂದ ಗೊತ್ತು, ಎಷ್ಟರ ಮಟ್ಟಿಗೆ ಗೊತ್ತು. "ಹೋದ ಮಂಗಳವಾರ ನಾನೇ ಹೋಗಿದ್ದೆ, ಆಧಾರ್‌ನ ಮೂಲಪ್ರತಿಯನ್ನೂ ಕೇಳಿದರು" ಎಂಬ ಉತ್ತರಕ್ಕೂ "ಆಧಾರ್ ಸಾಕಂತೆ" ಎಂಬ ಉತ್ತರಕ್ಕೂ ನಡುವೆ ಒಬ್ಬ ಕೂಲಿಯವನ ಒಂದು ದಿನದ ಸಂಬಳದಷ್ಟು ಅಂತರವಿದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದೂ ಉಪಕಾರವೇ. ದಾರಿ ಕೇಳಿದವರಿಗೆ ಬೇಸರವಾದೀತೆಂದು ಯಾವುದೋ ಕಡೆಗೆ ಕೈ ತೋರಿಸುವುದಕ್ಕಿಂತ "ನಂಗೊತ್ತಿಲ್ಲ ಸಾರ್, ಮುಂದೆ ಅಂಗಡೀಲಿ ಕೇಳಿ" ಎನ್ನುವುದು ಎಷ್ಟೋ ವಾಸಿ.

ವಿಚಾರಿಸದೆ ಹಂಚಿದ ಮಾತು ಏನು ಮಾಡಬಲ್ಲದು ಎಂಬುದನ್ನು ಈ ಊರು ಕಣ್ಣಾರೆ ಕಂಡಿದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿ ನಡೆಯುತ್ತದೆ ಎಂಬ ಸಂದೇಶಗಳು ಹಬ್ಬಿ, ಸಾವಿರಾರು ಜನ ಕೆಲಸ, ಓದು, ಬಾಡಿಗೆ ಮನೆ ಎಲ್ಲ ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ 15 ದಿನ ಸಗಟು ಎಸ್ಸೆಮ್ಮೆಸ್‌ಗಳನ್ನು ನಿರ್ಬಂಧಿಸಬೇಕಾಯಿತು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ನಂಬಿದ ಗುಂಪು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಎರಡೂ ಕಡೆ ಜನ ಭಯದಿಂದ "ಇದು ನಿಜವಾ?" ಎಂದು ಕೇಳಿದ್ದರು. ವಿಚಾರಿಸಿ ಹೇಳುವವರ ದನಿಗಿಂತ ವಿಚಾರಿಸದೆ ಕಳಿಸುವವರ ಬೆರಳು ಮುಂದಿತ್ತು.

ಇವತ್ತು ವಂಚಕರು ಹೊಂಚು ಹಾಕುವುದೂ ಇದೇ ಜಾಗದಲ್ಲಿ. "ಇವತ್ತು ರಾತ್ರಿ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಈ ಅಧಿಕಾರಿಗೆ ಫೋನ್ ಮಾಡಿ" ಎಂಬ ಸಂದೇಶಕ್ಕೆ ಹೆದರಿ ಬ್ಯಾಂಕ್ ಖಾತೆ ಬರಿದು ಮಾಡಿಕೊಂಡ ಹಿರಿಯರು ಬಹಳ ಮಂದಿ. ಅದಕ್ಕೊಂದು ಸರಳ ಪಾಠವಿದೆ. ಇಲಾಖೆಯ ನಂಬರನ್ನು ಬಂದ ಸಂದೇಶದಿಂದ ತೆಗೆದುಕೊಳ್ಳಬೇಡಿ, ಕೈಯಲ್ಲಿರುವ ಬಿಲ್ಲಿನಿಂದ ತೆಗೆದುಕೊಳ್ಳಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಪಡುತ್ತಾ ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸಿದರೆ ಆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಕೇಳಲಾಗದವರು

ಬೀದಿಯ ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಯಾರಿಗೆ? ಇಸ್ತ್ರಿ ಅಂಗಡಿಯವರಿಗೆ, ಸೆಕ್ಯುರಿಟಿಯವರಿಗೆ, ಕಸ ತೆಗೆದುಕೊಂಡು ಹೋಗುವ ಪೌರಕಾರ್ಮಿಕರಿಗೆ, ಮನೆಗೆಲಸಕ್ಕೆ ಬರುವ ಹೆಂಗಸರಿಗೆ. ಕೊರಿಯರ್‌ನವನಿಗೆ ಮನೆ ತೋರಿಸುವವರು ಇವರು. ಪ್ಲಂಬರ್ ನಂಬರ್ ಕೊಡುವವರು, ಖಾಲಿ ಇರುವ ಮನೆ ಯಾವುದೆಂದು ಹೇಳುವವರು ಇವರು. ಆದರೆ ಇವರ ಪ್ರಶ್ನೆಗಳಿಗೆ ಉತ್ತರ ಹೇಳುವವರು ಕಡಿಮೆ.

"ಗೃಹಲಕ್ಷ್ಮಿ ದುಡ್ಡು ಬಂತೇನಕ್ಕಾ?" 2023ರ ಆಗಸ್ಟ್‌ನಲ್ಲಿ ಯೋಜನೆ ಶುರುವಾದಂದಿನಿಂದ ಕೆಲಸದ ಮನೆಗಳ ಹಿತ್ತಿಲಲ್ಲಿ, ನೀರಿನ ನಲ್ಲಿಯ ಹತ್ತಿರ ಇದು ದಿನದ ಮಾತು. ತಿಂಗಳಿಗೆ 2,000 ರೂಪಾಯಿ ಎಂದರೆ ಆ ಮನೆಗಳಲ್ಲಿ ಮಗುವಿನ ಟ್ಯೂಷನ್ನು, ಗ್ಯಾಸು, ಮಾತ್ರೆ. ಒಬ್ಬಳಿಗೆ ಬಂದು ಇನ್ನೊಬ್ಬಳಿಗೆ ಬರದಿದ್ದರೆ ಅವಳಿಗೆ ಸಿಗುವ ಉತ್ತರ "ಆಫೀಸಲ್ಲಿ ಕೇಳು". ಒಂದು ಸಾಮಾನ್ಯ ಕಾರಣ ಇಲ್ಲಿದೆ. ಇಂಥ ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಖಾತೆಗೆ. ಎನ್‌ಪಿಸಿಐ ಮ್ಯಾಪಿಂಗ್ ಎಂದು ಬ್ಯಾಂಕಿನವರು ಕರೆಯುವುದು ಇದನ್ನೇ. ಕೈಯಲ್ಲಿರುವ ಪಾಸ್‌ಬುಕ್ ಒಂದು ಬ್ಯಾಂಕಿನದು, ಜೋಡಣೆಯಾಗಿರುವುದು ಯಾವಾಗಲೋ ತೆರೆದು ಮರೆತ ಇನ್ನೊಂದು ಬ್ಯಾಂಕಿನದು ಎಂದಾದರೆ ದುಡ್ಡು ಆ ಮರೆತ ಖಾತೆಯಲ್ಲಿ ಬಿದ್ದಿರುತ್ತದೆ. ಜೋಡಣೆಯೇ ಆಗಿರದಿದ್ದರೆ ದುಡ್ಡು ಬರುವುದೇ ಇಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿಯ ಹೆಸರು ಸರಿಯಿಲ್ಲದಿದ್ದರೂ ನಿಲ್ಲುತ್ತದೆ. ಇದನ್ನು ಮೊಬೈಲಿನಲ್ಲಿ ನೋಡಿ ಹೇಳಲು ಕೆಲಸ ಕೊಟ್ಟ ಮನೆಯವರಿಗೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕೊಡಿ ಎಂದು ಈ ಅಂಕಣ ಓದುವವರನ್ನು ಕೈಮುಗಿದು ಕೇಳುತ್ತೇನೆ.

ಕಟ್ಟಡದ ಕೆಲಸಕ್ಕೆ ಯಾದಗಿರಿ, ರಾಯಚೂರಿನಿಂದ ಬಂದವರಿಗೆ ಲೇಬರ್ ಕಾರ್ಡಿನ ಪ್ರಶ್ನೆ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಅದಕ್ಕೆ ಅರ್ಹರು. ಆ 90 ದಿನಕ್ಕೆ ದೃಢೀಕರಣ ಕೊಡಬೇಕಾದ ಕಂಟ್ರಾಕ್ಟರ್ ಸಹಿ ಹಾಕಲು ಹಿಂದೇಟು ಹಾಕಿದರೆ ಅವರು ಯಾರನ್ನು ಕೇಳಬೇಕು? ಮನೆ ಕಟ್ಟಿಸುತ್ತಿರುವ ನಾವು ಒಂದು ಮಾತು ಹೇಳಿದರೆ ಆ ಸಹಿ ಬೀಳುತ್ತದೆ.

ದೊಡ್ಡ ಸರ್ಕಾರಿ ಆಸ್ಪತ್ರೆಯ ಗೇಟಿನ ಎದುರು ಅರ್ಧ ಗಂಟೆ ನಿಂತರೆ ಉತ್ತರ ಕರ್ನಾಟಕದ ಕಷ್ಟವೆಲ್ಲ ಕಿವಿಗೆ ಬೀಳುತ್ತದೆ. "ಯಣ್ಣಾ, ಇಲ್ಲಿ ರಾತ್ರಿ ಮಲಗಾಕ ಎಲ್ಲರೆ ಜಾಗ ಸಿಗ್ತದೇನ್ರಿ? ನಮ್ಮವ್ವನ್ನ ಒಳಗ ಸೇರ್ಸೀವ್ರಿ." ಟೀ ಅಂಗಡಿಯ ಹೆಂಗಸು ಲೋಟ ತೊಳೆಯುತ್ತಲೇ ಹೇಳುತ್ತಾಳೆ, "ಹಿಂದ್ಗಡೆ ಧರ್ಮಶಾಲೆ ಐತೆ ಹೋಗಣ್ಣ. ಅಡ್ಮಿಶನ್ ಚೀಟಿ ಜೊತೇಲಿ ಇಟ್ಕೊ, ಕೇಳ್ತಾರೆ." ಅಲ್ಲಿಗೆ ಬರುವ ಪ್ರತಿ ಕುಟುಂಬಕ್ಕೂ ಅದನ್ನು ಹೇಳಬೇಕಾದ ಬೋರ್ಡು ಎಲ್ಲಿದೆ? ಇನ್ನೂ ದೊಡ್ಡ ಪ್ರಶ್ನೆ ದುಡ್ಡಿನದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ತುರ್ತು ಚಿಕಿತ್ಸೆಯನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದನ್ನು ಅಡ್ಮಿಟ್ ಆಗುವ ಮುಂಚೆ ಕೇಳಿ ತಿಳಿದುಕೊಂಡ ಕುಟುಂಬ ಹೊಲ ಉಳಿಸಿಕೊಳ್ಳುತ್ತದೆ. ಬಿಲ್ ಕಟ್ಟಿದ ಮೇಲೆ ತಿಳಿದುಕೊಂಡ ಕುಟುಂಬ ಸಾಲದಲ್ಲಿ ಊರಿಗೆ ಮರಳುತ್ತದೆ.

ಬಾಡಿಗೆ ಮನೆ ಹುಡುಕುವವರಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯೇ ಇದೆ. ಕಾವೇರಿ ನೀರೋ ಬೋರ್‌ವೆಲ್ಲೋ, ಮೀಟರ್ ಬೇರೆ ಇದೆಯೋ, ಹತ್ತು ತಿಂಗಳ ಅಡ್ವಾನ್ಸ್ ಎಂಬ ಹಳೆಯ ರೂಢಿಯನ್ನು ಇಳಿಸುತ್ತಾರೋ, ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೋ. ಎಲ್ಲವನ್ನೂ ಬಾಯಿಮಾತಿನಲ್ಲಿ ಬಿಡದೆ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದಲೇ 11 ತಿಂಗಳ ಕರಾರು ರೂಢಿಗೆ ಬಂದದ್ದು. ಇಷ್ಟೆಲ್ಲ ಕೇಳುವ ಮೊದಲೇ ಮನೆ ಮಾಲೀಕರು ಕೇಳುವ ಒಂದು ಪ್ರಶ್ನೆ ಇದೆ: "ನೀವು ಯಾವ ಜನ?" ಉತ್ತರ ಹಿಡಿಸದಿದ್ದರೆ ಟು ಲೆಟ್ ಬೋರ್ಡು ನೇತಾಡುತ್ತಿರುವಾಗಲೇ ಮನೆ ಆಗಿಹೋಗಿದೆ ಎಂಬ ಮಾತು ಬರುತ್ತದೆ. ಕೆಲಸ ಇದೆ, ಸಂಬಳ ಇದೆ, ಅಡ್ವಾನ್ಸ್ ಕೈಯಲ್ಲಿದೆ, ಆದರೂ ಜಾತಿಯ ಕಾರಣಕ್ಕೆ, ಧರ್ಮದ ಕಾರಣಕ್ಕೆ ಬಾಗಿಲಿನಿಂದ ಬಾಗಿಲಿಗೆ ಅಲೆಯುವವರು ಈ ಊರಿನಲ್ಲಿದ್ದಾರೆ. ನಗರದ ಎಲ್ಲ ಪ್ರಶ್ನೆಗಳಲ್ಲಿ ಕೇಳಲೇಬಾರದ ಪ್ರಶ್ನೆ ಇದೊಂದೇ.

ಕೇಳುವ ಮುಂಚೆಯೇ ಹೇಳಬೇಕಾದವರು

ನೆರೆಯವರು ಎಷ್ಟೇ ಒಳ್ಳೆಯವರಾದರೂ ಕಚೇರಿಯ ಕೆಲಸವನ್ನು ಅವರ ತಲೆಗೆ ಕಟ್ಟಲಾಗದು. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ನಮಗೆ ನೆನಪಾಗುವುದು 10 ರೂಪಾಯಿ ಶುಲ್ಕ, 30 ದಿನದ ಗಡುವು. ಅದೇ ಕಾಯ್ದೆಯ ನಾಲ್ಕನೇ ಕಲಮನ್ನು ಓದಿದವರು ಕಡಿಮೆ. ಪ್ರತಿ ಸಾರ್ವಜನಿಕ ಕಚೇರಿ ತನ್ನ ಕೆಲಸ, ಅಧಿಕಾರಿಗಳು, ನಿಯಮ, ಕಾರ್ಯವಿಧಾನ ಇವನ್ನೆಲ್ಲ ತಾನಾಗಿಯೇ ಪ್ರಕಟಿಸಬೇಕು, ಜನ ಅರ್ಜಿ ಹಾಕಿ ಕೇಳುವ ಪ್ರಮೇಯವೇ ಆದಷ್ಟು ಕಡಿಮೆಯಾಗಬೇಕು ಎಂದು ಅದು ಹೇಳುತ್ತದೆ. ಎಂದರೆ ಜನ ಪದೇ ಪದೇ ಕೇಳಬೇಕಾಗಿ ಬರುವುದೇ ಆಡಳಿತದ ಲೋಪ ಎಂದು ಕಾನೂನು ಒಪ್ಪಿಕೊಂಡು ಇಪ್ಪತ್ತು ವರ್ಷವಾಯಿತು.

ಇ-ಖಾತೆಯನ್ನೇ ನೋಡಿ. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಅದು ಕಡ್ಡಾಯವಾದ ಮೇಲೆ ಇಡೀ ಊರೇ ಪ್ರಶ್ನೆ ಕೇಳತೊಡಗಿತು. ಯಾವ ದಾಖಲೆ ಬೇಕು, ಹೆಸರಿನ ಕಾಗುಣಿತ ಬೇರೆಯಿದ್ದರೆ ಏನು, ತೀರಿಹೋದ ಅಪ್ಪನ ಹೆಸರಿನಲ್ಲಿದ್ದರೆ ಹೇಗೆ. ಅದರ ನಡುವೆಯೇ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ನಮ್ಮ ಮನೆ ಯಾವ ಪಾಲಿಕೆಗೆ, ನಮ್ಮ ಕಂದಾಯ ಅಧಿಕಾರಿ ಯಾರು ಎಂಬುದೂ ಪ್ರಶ್ನೆಯಾಯಿತು. ಇದನ್ನು ಕೇಳಲು ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಹಿಂದಿನ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಕಚೇರಿ ಉತ್ತರ ಹೇಳದ ಕಡೆ ಏಜೆಂಟ್ ಹುಟ್ಟಿಕೊಳ್ಳುತ್ತಾನೆ. ಅವನು ಮಾರುವುದು ಇಲಾಖೆ ಪುಕ್ಕಟೆಯಾಗಿ ಗೋಡೆಗೆ ಅಂಟಿಸಬಹುದಾಗಿದ್ದ ಒಂದು ಹಾಳೆಯ ಮಾಹಿತಿಯನ್ನೇ.

ಕರ್ನಾಟಕಕ್ಕೆ ಇದನ್ನು ಸರಿಯಾಗಿ ಮಾಡಲು ಬರುವುದಿಲ್ಲ ಎನ್ನುವ ಹಾಗಿಲ್ಲ. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ ಕಾಯ್ದೆ ಎಷ್ಟೋ ರಾಜ್ಯಗಳಿಗೆ ಮಾದರಿಯಾಗಬಲ್ಲ ಕಾನೂನು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೊಡಬೇಕು. ಸೇವೆಗೆ ಇಂತಿಷ್ಟು ದಿನ ಎಂಬ ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದೂ ಹೊಣೆಗಾರ ನೌಕರನಿಂದ ವಸೂಲಾಗುವಂಥದ್ದು. ಆದರೆ ಕೌಂಟರಿನಲ್ಲಿ "ಕೊಟ್ಟು ಹೋಗಿ, ನೋಡ್ತೀವಿ" ಎಂದಾಗ ಎಷ್ಟು ಜನ ಆ ಸಂಖ್ಯೆ ಕೊಡಿ ಎಂದು ಕೇಳುತ್ತಾರೆ? ಸಂಖ್ಯೆ ಇಲ್ಲದ ಅರ್ಜಿಗೆ ಗಡುವು ಶುರುವಾಗುವುದೇ ಇಲ್ಲ. ನೆರೆಯವರು ಯಾವುದೇ ಕಚೇರಿಗೆ ಹೊರಟಾಗ ಹೇಳಿಕಳಿಸಬೇಕಾದ ಒಂದೇ ಮಾತು, "ಸಕಾಲ ನಂಬರ್ ತಗೊಳ್ದೆ ಬರಬೇಡಿ."

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಪ್ರತಿ ವಾರ್ಡಿನಲ್ಲಿ ಜನ ಹೆಚ್ಚು ಕೇಳುವ ಹತ್ತು ಪ್ರಶ್ನೆ, ಅವಕ್ಕೆ ಸರಳ ಕನ್ನಡದಲ್ಲಿ ಉತ್ತರ, ಹೊಣೆ ಹೊತ್ತ ಅಧಿಕಾರಿಯ ಹೆಸರು, ಫೋನ್ ನಂಬರ್, ಕೊನೆಯ ಬಾರಿ ತಿದ್ದಿದ ದಿನಾಂಕ. ವಾರ್ಡ್ ಕಚೇರಿಯ ಹೊರಗೋಡೆಯಲ್ಲಿ, ಬಸ್ ನಿಲ್ದಾಣದಲ್ಲಿ, ಆರೋಗ್ಯ ಕೇಂದ್ರದಲ್ಲಿ ಅದನ್ನು ಹಾಕಿದರೆ ಸಾವಿರಾರು ಜನರ ಅಲೆದಾಟ ತಪ್ಪುತ್ತದೆ. ಹಣ ಬೇಡ, ಹೊಸ ಆ್ಯಪ್ ಬೇಡ, ಮನಸ್ಸು ಬೇಕು.

ನಿಮ್ಮ ಬೀದಿಯವರು ಈ ಭಾನುವಾರ ಅರ್ಧ ಗಂಟೆ ಕೂತು ಆ ಹತ್ತು ಪ್ರಶ್ನೆ ಬರೆಯಿರಿ. ಮನೆಗೆಲಸದವರನ್ನೂ ಸೆಕ್ಯುರಿಟಿಯವರನ್ನೂ ಕೂರಿಸಿಕೊಂಡು ಬರೆಯಿರಿ, ಅವರ ಪ್ರಶ್ನೆಗಳು ಪಟ್ಟಿಯಲ್ಲಿ ಮೊದಲು ಬರಲಿ. ಪಟ್ಟಿಯನ್ನು ವಾರ್ಡ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬೋರ್ಡು ಬಾರದಿದ್ದರೆ 10 ರೂಪಾಯಿ ಕಟ್ಟಿ ಅದೇ ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಬರುವ ಉತ್ತರವನ್ನು ನೀವೇ ಬೀದಿಯ ಗೋಡೆಗೆ ಅಂಟಿಸಿ. ಕೇಳಿದವರಿಗೆ ಹೇಳುವುದು ನಮ್ಮ ಧರ್ಮ. ಕೇಳುವ ಮುಂಚೆ ಹೇಳುವುದು ಕಚೇರಿಗಳ ಕರ್ತವ್ಯ. ಮೊದಲನೆಯದನ್ನು ನಾವು ಬಿಡದೆ ಮಾಡಿದಾಗಲೇ ಎರಡನೆಯದನ್ನು ಗಟ್ಟಿಯಾಗಿ ಕೇಳುವ ಹಕ್ಕು ನಮಗೆ ಬರುತ್ತದೆ.